ಭರಣಿಯೊಳಗಿನ ಕ್ರ್ಯಾನ್‌ಬೆರಿ

ನಾನು ಪ್ರೌಢಶಾಲೆಯಲ್ಲಿ ಇತಿಹಾಸವನ್ನು ಕಲಿಸುತ್ತಿದ್ದಾಗ ಪಠ್ಯಪುಸ್ತಕದಲ್ಲಿ ನೆಪೋಲಿಯನ್ನನ ಯುದ್ಧಗಳಿಗೆ ಪುಟಗಟ್ಟಲೆ ಸ್ಥಳವಿತ್ತು. ಅದೇ ಕಾಲದಲ್ಲಿ ಫ್ರಾನ್ಸಿನ ಮಿಠಾಯಿಗಾರನೊಬ್ಬ ಕಂಡುಕೊಂಡ ಆಹಾರ ಕಾಪಿಡುವ ವಿದ್ಯೆಗೆ ಒಂದು ಸಾಲೂ ಇರಲಿಲ್ಲ. ಯುದ್ಧಗಳ ಸೋಲು ಗೆಲುವುಗಳು ಪರೀಕ್ಷೆಯ ಪ್ರಶ್ನೆಗಳಾಗಿ ಉಳಿದವು. ಮಿಠಾಯಿಗಾರನ ವಿದ್ಯೆಯಾದರೋ ಅಡಿಗೆಮನೆಗಳಲ್ಲಿ ಇಂದಿಗೂ ಬದುಕಿದೆ. ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಪ್ರತಿವರ್ಷ ಇಡೀ ಕ್ರ್ಯಾನ್‌ಬೆರಿ ಹಣ್ಣುಗಳನ್ನು ಗಾಜಿನ ಭರಣಿಗಳಲ್ಲಿ ತುಂಬಿಡುತ್ತಾಳೆ. “ಈ ಹಣ್ಣಿಗೆ ಕುದಿಯುವ ನೀರು ಸಾಕಾದರೆ ಹುರುಳಿಕಾಯಿಗೆ ಏಕೆ ಸಾಲದು, ಮೇಷ್ಟ್ರೇ?” ಎಂದು ಅವಳು ಪತ್ರದಲ್ಲಿ ಕೇಳಿದಳು. ಪ್ರಶ್ನೆ ಸಣ್ಣದು, ಆದರೆ ಅದರ ಉತ್ತರ ದೊರಕುವ ಮೊದಲು ಹಲವರು ಪ್ರಾಣ ತೆತ್ತಿದ್ದರು.

ಕ್ರ್ಯಾನ್‌ಬೆರಿ ಉತ್ತರ ಅಮೆರಿಕದ ಜೌಗುನೆಲದಲ್ಲಿ ನೆಲಕ್ಕೆ ಹರಡಿಕೊಂಡು ಬೆಳೆಯುವ ಬಳ್ಳಿಯ ಹಣ್ಣು. ಬಣ್ಣ ಕಡುಗೆಂಪು, ರುಚಿ ಬಲು ಹುಳಿ. ಮ್ಯಾಸಚೂಸೆಟ್ಸ್ ಕರಾವಳಿಯ ವಾಂಪನೋಗ್ ಮೂಲನಿವಾಸಿಗಳು ಯುರೋಪಿಯನ್ನರು ಬರುವುದಕ್ಕೆ ಬಹಳ ಮೊದಲೇ ಇದನ್ನು ಬಳಸುತ್ತಿದ್ದರು. 1816ರಲ್ಲಿ ಕೇಪ್ ಕಾಡ್‌ನ ಡೆನಿಸ್ ಎಂಬ ಊರಿನ ಹೆನ್ರಿ ಹಾಲ್, ಗಾಳಿಗೆ ಹಾರಿಬಂದ ಮರಳು ಬಿದ್ದ ಕಡೆ ಬಳ್ಳಿಗಳು ಹುಲುಸಾಗಿರುವುದನ್ನು ಗಮನಿಸಿ ಅದರ ಬೇಸಾಯಕ್ಕೆ ತೊಡಗಿದನು. ಕೊಯ್ಲು ಶರತ್ಕಾಲದ ಕೆಲವು ವಾರಗಳದ್ದು ಮಾತ್ರ. ಉಳಿದ ತಿಂಗಳುಗಳಿಗೆ ಹಣ್ಣನ್ನು ಉಳಿಸಿಕೊಳ್ಳುವುದು ಮನೆಯ ಹೆಂಗಸರ ಪಾಲಿನ ಕೆಲಸವಾಯಿತು.

ಮೇಲೆ ಹೇಳಿದ ಮಿಠಾಯಿಗಾರನ ಹೆಸರು ನಿಕೊಲಾ ಅಪ್ಪೇರ್. ಆಹಾರವನ್ನು ಗಾಜಿನ ಸೀಸೆಗೆ ತುಂಬಿ, ಬೆಂಡಿನ ಬಿರಡೆ ಜಡಿದು, ತಂತಿಯಿಂದ ಬಿಗಿದು, ಕುದಿಯುವ ನೀರಿನಲ್ಲಿ ಇಟ್ಟರೆ ಅದು ತಿಂಗಳುಗಟ್ಟಲೆ ಕೆಡುವುದಿಲ್ಲವೆಂದು ಅವನು ವರ್ಷಗಳ ಪ್ರಯೋಗದಿಂದ ಅರಿತನು. 1810ರಲ್ಲಿ ಫ್ರೆಂಚ್ ಸರ್ಕಾರ ಅವನಿಗೆ 12,000 ಫ್ರಾಂಕ್ ಬಹುಮಾನ ನೀಡಿತು. ವಿಧಾನವನ್ನು ಗುಟ್ಟಾಗಿಡದೆ ಪುಸ್ತಕರೂಪದಲ್ಲಿ ಪ್ರಕಟಿಸಬೇಕೆಂಬುದು ಷರತ್ತು. ಅವನ ವಿಧಾನ ಫಲಿಸಿತ್ತು; ಏಕೆ ಫಲಿಸಿತೆಂಬುದು ಮಾತ್ರ ಅವನಿಗೆ ತಿಳಿದಿರಲಿಲ್ಲ. ಆಹಾರವನ್ನು ಕೆಡಿಸುವವು ಸೂಕ್ಷ್ಮಜೀವಿಗಳೆಂದು ಲೂಯಿ ಪಾಶ್ಚರ್ ತೋರಿಸಿಕೊಟ್ಟದ್ದು ಸುಮಾರು ಐವತ್ತು ವರ್ಷಗಳ ತರುವಾಯ.

ಅಷ್ಟರಲ್ಲಿ ಭರಣಿ ಅಮೆರಿಕದ ಮನೆಮನೆಗೂ ಹೊಕ್ಕಿತ್ತು. 1858ರ ನವೆಂಬರ್ 30ರಂದು ಜಾನ್ ಲ್ಯಾಂಡಿಸ್ ಮೇಸನ್ ಎಂಬ ತಗಡಿನ ಕೆಲಸಗಾರ ತಿರುಪಿನ ಮುಚ್ಚಳದ ಗಾಜಿನ ಭರಣಿಗೆ ಪೇಟೆಂಟ್ ಪಡೆದನು. ಬಿರಡೆ, ಅರಗುಗಳ ಕಷ್ಟ ತಪ್ಪಿತು. ಇಂದು ಇಡೀ ಕ್ರ್ಯಾನ್‌ಬೆರಿಯನ್ನು ಹೀಗೆ ಕಾಪಿಡುತ್ತಾರೆ: ಹಣ್ಣುಗಳನ್ನು ಆರಿಸಿ ತೊಳೆದು, ಸಕ್ಕರೆ ಪಾಕದಲ್ಲಿ ಕುದಿಸಿ, ಬಿಸಿಯಿರುವಾಗಲೇ ಭರಣಿಗೆ ತುಂಬಿ, ಬಾಯಿಯ ಬಳಿ ಸ್ವಲ್ಪ ಜಾಗ ಬಿಟ್ಟು, ಮುಚ್ಚಳ ಹಾಕಿ, ಭರಣಿಯನ್ನೇ ನೀರಿನಲ್ಲಿ ಮುಳುಗಿಸಿ ಗೊತ್ತಾದ ಹೊತ್ತು ಕುದಿಸುತ್ತಾರೆ. ಕಾದಾಗ ಒಳಗಿನ ಗಾಳಿ ಹೊರಹೋಗುತ್ತದೆ. ಆರಿದಾಗ ಹೊರಗಿನ ಗಾಳಿಯ ಒತ್ತಡವೇ ಮುಚ್ಚಳವನ್ನು ಬಿಗಿಯಾಗಿ ಹಿಡಿಯುತ್ತದೆ.

ಹಣ್ಣಿನಲ್ಲಿ ಗೆದ್ದ ಕೈ ತರಕಾರಿಗೂ ಮುಂದಾಯಿತು. ಅಪಾಯವಿದ್ದದ್ದು ಅಲ್ಲಿ. 1895ರಲ್ಲಿ ಬೆಲ್ಜಿಯಮ್‌ನ ಎಲ್ಲೆಜೆಲ್ ಎಂಬ ಹಳ್ಳಿಯಲ್ಲಿ ಶವಸಂಸ್ಕಾರಕ್ಕೆ ವಾದ್ಯ ನುಡಿಸಲು ಬಂದಿದ್ದವರು ಉಪ್ಪುಹಾಕಿ ಇಟ್ಟಿದ್ದ ಹಂದಿಮಾಂಸವನ್ನು ತಿಂದು ಕಾಯಿಲೆಬಿದ್ದರು, ಮೂವರು ಸತ್ತರು. ಅದನ್ನು ಶೋಧಿಸಿದ ಎಮಿಲ್ ವಾನ್ ಎರ್ಮೆಂಗೆಮ್, ಗಾಳಿಯಿಲ್ಲದೆಡೆಯಲ್ಲಿ ಬೆಳೆದು ನಂಜನ್ನು ಹುಟ್ಟಿಸುವ ಬ್ಯಾಕ್ಟೀರಿಯಾವೊಂದನ್ನು ಗುರುತಿಸಿ 1897ರಲ್ಲಿ ಪ್ರಕಟಿಸಿದನು. ಅದುವೇ ಬೊಟುಲಿಸಮ್ ರೋಗದ ಮೂಲ. ಇದರ ಬೀಜಾಣುಗಳು ಕುದಿಯುವ ನೀರಿನ 100 ಡಿಗ್ರಿ ಶಾಖಕ್ಕೂ ಜಗ್ಗುವುದಿಲ್ಲ. ಗಾಳಿಯನ್ನು ಹೊರಹಾಕಿ ಮುಚ್ಚಿದ ಭರಣಿ ಅವುಗಳಿಗೆ ತಕ್ಕ ಮನೆ. ನಂಜು ತುಂಬಿದ ಆಹಾರ ಎಷ್ಟೋ ವೇಳೆ ಕಣ್ಣಿಗೂ ಮೂಗಿಗೂ ಕೆಟ್ಟಂತೆ ತೋರುವುದೇ ಇಲ್ಲ.

ಹಾಗಾದರೆ ಕ್ರ್ಯಾನ್‌ಬೆರಿ ಹೇಗೆ ಪಾರಾಯಿತು? ಅದರ ಹುಳಿಯಿಂದ. ಆಮ್ಲತೆಯನ್ನು ಅಳೆಯುವ ಪಿಎಚ್ ಮಾನದಲ್ಲಿ 4.6 ಮತ್ತು ಅದಕ್ಕಿಂತ ಕೆಳಗೆ ಈ ಬೀಜಾಣುಗಳು ಮೊಳೆಯಲಾರವು. ಕ್ರ್ಯಾನ್‌ಬೆರಿಯದು 3ಕ್ಕಿಂತಲೂ ಕಡಿಮೆ. ಹುರುಳಿಕಾಯಿ, ಜೋಳ, ಆಲೂಗಡ್ಡೆಗಳಿಗೆ ಆ ರಕ್ಷಣೆಯಿಲ್ಲ. ಅವನ್ನು ಒತ್ತಡದಲ್ಲಿ, 116 ಡಿಗ್ರಿಗೂ ಮೇಲ್ಪಟ್ಟ ಶಾಖದಲ್ಲಿ ಬೇಯಿಸಬೇಕು. 1917ರಲ್ಲಿ ಅಮೆರಿಕದ ಕೃಷಿ ಇಲಾಖೆ ಕಡಿಮೆ ಹುಳಿಯ ಆಹಾರಗಳಿಗೆ ಇದೊಂದೇ ಸುರಕ್ಷಿತ ಮಾರ್ಗವೆಂದು ಸಾರಿತು. ಎತ್ತರದ ಊರುಗಳಲ್ಲಿ ನೀರು ಕಡಿಮೆ ಶಾಖಕ್ಕೇ ಕುದಿಯುವುದರಿಂದ (ನಮ್ಮ ಬೆಂಗಳೂರಿನಲ್ಲಿ ಸುಮಾರು 97 ಡಿಗ್ರಿ) ಹಣ್ಣಿನ ಭರಣಿಗಳನ್ನೂ ಹೆಚ್ಚು ಹೊತ್ತು ಕುದಿಸಬೇಕು.

ಈ ತಿಳಿವಳಿಕೆಯನ್ನು ಹಳ್ಳಿಗಳಿಗೆ ಕೊಂಡೊಯ್ದವರಲ್ಲಿ ಉಪಾಧ್ಯಾಯರೂ ಇದ್ದರೆಂಬುದು ನನಗೆ ಹೆಮ್ಮೆಯ ವಿಷಯ. 1910ರಲ್ಲಿ ದಕ್ಷಿಣ ಕೆರೊಲಿನಾದ ಏಕನ್ ಪ್ರಾಂತದ ಹಳ್ಳಿಶಾಲೆಯ ಶಿಕ್ಷಕಿ ಮೇರಿ ಕ್ರೋಮರ್ ಹುಡುಗಿಯರ ಟೊಮೇಟೊ ಸಂಘವನ್ನು ಕಟ್ಟಿದರು. ಒಬ್ಬೊಬ್ಬ ಹುಡುಗಿಗೆ ಎಕರೆಯ ಹತ್ತನೆಯ ಒಂದು ಪಾಲು, ಎಂದರೆ ನಮ್ಮ ಲೆಕ್ಕದಲ್ಲಿ ನಾಲ್ಕು ಗುಂಟೆ ನೆಲ. ಬೆಳೆದದ್ದನ್ನು ಡಬ್ಬಿಗಳಲ್ಲಿ ಕಾಪಿಟ್ಟು ಮಾರಿ, ಅವರು ಕೈಯಲ್ಲಿ ನಾಲ್ಕು ಕಾಸು ಕಂಡರು. ಇಂತಹ ಸಂಘಗಳು ಬೇಗನೆ ಇತರ ರಾಜ್ಯಗಳಿಗೂ ಹಬ್ಬಿದವು.

ಇಷ್ಟಾದರೂ 2015ರ ಏಪ್ರಿಲ್‌ನಲ್ಲಿ ಓಹಾಯೊ ರಾಜ್ಯದ ಲ್ಯಾಂಕಾಸ್ಟರ್ ಊರಿನ ಚರ್ಚಿನ ಸಹಭೋಜನದಲ್ಲಿ 29 ಮಂದಿ ಬೊಟುಲಿಸಮ್ಮಿಗೆ ತುತ್ತಾದರು, ಒಬ್ಬರು ತೀರಿಕೊಂಡರು. ಕಾರಣ, ಮನೆಯಲ್ಲಿ ಬರಿಯ ಕುದಿಯುವ ನೀರಿನಲ್ಲಿಟ್ಟು ಕಾಪಿಟ್ಟಿದ್ದ ಆಲೂಗಡ್ಡೆ. ಎಚ್ಚರಿಕೆ ಹೊರಬಿದ್ದು ತೊಂಬತ್ತೆಂಟು ವರ್ಷಗಳಾಗಿದ್ದವು.

ನಮ್ಮ ಮಲೆನಾಡಿನ ಅಪ್ಪೆಮಿಡಿ ಉಪ್ಪಿನಕಾಯಿ ವರ್ಷಗಟ್ಟಲೆ ಕೆಡದೆ ನಿಲ್ಲುವುದೂ ಹುಳಿ ಮತ್ತು ಧಾರಾಳವಾದ ಉಪ್ಪಿನ ಬಲದಿಂದ. ಉಪ್ಪು ಕಡಿಮೆ ಮಾಡಬೇಡವೆಂದು ಅಜ್ಜಿಯರು ಗದರುತ್ತಿದ್ದರು, ಕಾರಣ ಹೇಳುತ್ತಿರಲಿಲ್ಲ. ಈಗ ಕಾರಣ ನಮಗೆ ತಿಳಿದಿದೆ. ಮೊಮ್ಮಕ್ಕಳಿಗೆ ವಿಧಾನವನ್ನು ಕಲಿಸುವಾಗ ಅದನ್ನೂ ಜೊತೆಯಲ್ಲಿ ಹೇಳಿಕೊಡೋಣ.