ಕಾನ್ಪುರದ್ದೋ, ವೆಬ್ಲಿಯೋ?

2021ರ ಬೇಸಗೆಯಲ್ಲಿ ಒಂದು ಸಂಜೆ ಬಬಲೇಶ್ವರದಿಂದ ಕಾಕಾ ಫೋನ್ ಮಾಡಿದರು. ನಾನು ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಕುಶಲ ಗಿಶಲ ಏನೂ ಇಲ್ಲ, ನೇರವಾಗಿ ವಿಷಯಕ್ಕೇ ಬಂದರು.

"ಕಾನಪೂರದ್ದು ತಗೊಳ್ಳಲ್ಯೋ, ವೆಬ್ಲಿ ತಗೊಳ್ಳಲ್ಯೋ? ಇಂಟರ್ನೆಟ್ಟಿನ್ಯಾಗ ಸ್ವಲ್ಪ ನೋಡಿ ಹೇಳಪಾ."

ಬೋರ್‌ವೆಲ್ ಪಂಪಿನ ಮಾತು ಅಂದುಕೊಂಡೆ. ಎಷ್ಟು ಎಚ್‌ಪಿ ಬೇಕು ಕಾಕಾ ಅಂತ ಕೇಳಿಯೂ ಬಿಟ್ಟೆ.

"ಪಂಪ್ ಅಲ್ಲೋ ಹುಚ್ಚಾ. ಪಿಸ್ತೂಲು. ಲೈಸನ್ಸ್ ಬಂತು."

ಕಾಕಾ ದ್ರಾಕ್ಷಿ ಬೆಳೆಯುವವರು. ನಮ್ಮ ಕಡೆ ದ್ರಾಕ್ಷಿಯನ್ನು ಒಣಗಿಸಿ ಮಣೂಕ ಮಾಡುತ್ತಾರೆ. ಒಳ್ಳೆ ರೇಟು ಸಿಕ್ಕರೆ ಮಹಾರಾಷ್ಟ್ರದ ತಾಸಗಾಂವ್ ಮಾರ್ಕೆಟ್ಟಿಗೂ ಒಯ್ಯುತ್ತಾರೆ. ಒಂದು ವರ್ಷ ಮಣೂಕ ಮಾರಿದ ರೊಕ್ಕ ಇಟ್ಟುಕೊಂಡು ರಾತ್ರಿ ವಾಪಸ್ ಬರುವಾಗ ಎರಡು ಬೈಕು ಬಹಳ ದೂರ ಅವರ ಗಾಡಿಯ ಹಿಂದೆ ಬಂದವಂತೆ. ಏನೂ ಆಗಲಿಲ್ಲ. ಟಿಕೋಟಾ ಬಂದಾಗ ಅವು ಬೇರೆ ದಾರಿ ಹಿಡಿದವು. ಕಳ್ಳರೋ, ತಮ್ಮ ಊರಿಗೆ ಹೊರಟ ಹುಡುಗರೋ, ಯಾರಿಗೆ ಗೊತ್ತು. ಆದರೆ ಅವತ್ತಿನಿಂದ ಕಾಕಾನ ನಿದ್ದೆ ಕೆಟ್ಟಿತು. ಭೀಮಾ ತೀರದ ಕಥೆಗಳನ್ನು ಕೇಳಿ ಬೆಳೆದ ಜಿಲ್ಲೆ ನಮ್ಮದು, ಅಂಜಿಕೆಗೆ ಹೆಚ್ಚು ಸಾಕ್ಷಿ ಬೇಕಾಗುವುದಿಲ್ಲ.

ಅಮೆರಿಕದಲ್ಲಿರುವ ನನ್ನ ಹಳೆಯ ಸಹೋದ್ಯೋಗಿಯೊಬ್ಬ ಗ್ಲಾಕ್ ಒಳ್ಳೆಯದೋ ಸಿಗ್ ಸಾವರ್ ಒಳ್ಳೆಯದೋ ಅಂತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದ. ಮನೆ ಹತ್ತಿರದ ರೇಂಜಿಗೆ ಹೋಗಿ ಎರಡನ್ನೂ ಬಾಡಿಗೆಗೆ ಪಡೆದು ಹೊಡೆದು ನೋಡಿ, ಕೊನೆಗೆ ಒಂದನ್ನು ಆರಿಸಿದ. ಕಾಕಾನಿಗೂ ಅಂಥದ್ದೇ ಒಂದು ಹೋಲಿಕೆ ಪಟ್ಟಿ ಮಾಡಿಕೊಡೋಣ ಅಂತ ಎಕ್ಸೆಲ್ ಶೀಟ್ ತೆರೆದೆ. ತೂಕ, ಬೆಲೆ, ನಳಿಕೆಯ ಉದ್ದ, ಗುಂಡು ಎಷ್ಟು. ಅರ್ಧ ಗಂಟೆಯಲ್ಲೇ ನನಗೆ ವಿಚಿತ್ರ ಅನಿಸತೊಡಗಿತು. ಎರಡು ಕಾಲಂನಲ್ಲೂ ಒಂದೇ ಉತ್ತರ ಬರುತ್ತಿತ್ತು. ಎರಡೂ ಆರು ಗುಂಡಿನ ರಿವಾಲ್ವರ್. ಎರಡೂ .32 ಬೋರ್. ಎರಡರಲ್ಲೂ ಮೇಲಿನ ಕೊಂಡಿ ಒತ್ತಿದರೆ ನಳಿಕೆ ಮುಂದಕ್ಕೆ ಬಾಗಿ, ಖಾಲಿ ಕಾಡತೂಸುಗಳೆಲ್ಲ ಒಮ್ಮೆಲೇ ಮೇಲೆದ್ದು ಬರುತ್ತವೆ. ಫೋಟೋ ಪಕ್ಕಪಕ್ಕ ಇಟ್ಟರೆ ಅಕ್ಕತಂಗಿಯರ ಹಾಗೆ ಕಾಣುತ್ತವೆ.

ಅಕ್ಕತಂಗಿಯರೇ ಅವು. ಆ ಸಂಸಾರದ ಜಗಳ ಶುರುವಾದದ್ದು ಇಂಗ್ಲೆಂಡಿನಲ್ಲಿ.

ವೆಬ್ಲಿ ಬರ್ಮಿಂಗ್‌ಹ್ಯಾಮ್ ಊರಿನ ಕಂಪನಿ. ಅವರ .455 ಬೋರಿನ ರಿವಾಲ್ವರನ್ನು ಬ್ರಿಟಿಷ್ ಸೇನೆ 1887ರಲ್ಲಿ ಒಪ್ಪಿಕೊಂಡಿತು. ಹಳೆಯ ಸಿನಿಮಾಗಳಲ್ಲಿ ಬಿಳಿ ಅಧಿಕಾರಿಗಳ ಸೊಂಟದಲ್ಲಿ ಹಗ್ಗ ಕಟ್ಟಿಕೊಂಡು ನೇತಾಡುತ್ತದಲ್ಲ, ಅದೇ. ಒಂದು ಕಿಲೋಗಿಂತ ಹೆಚ್ಚು ತೂಕ. ಮೊದಲ ಮಹಾಯುದ್ಧ ಮುಗಿದ ಮೇಲೆ ಸೇನೆಗೆ ಇದಕ್ಕಿಂತ ಹಗುರವಾದದ್ದು, ಹೊಸಬರ ಕೈಗೂ ಬೇಗ ಪಳಗುವಂಥದ್ದು ಬೇಕೆನಿಸಿತು. ವೆಬ್ಲಿಯವರು .38 ಬೋರಿನ ಮಾದರಿಯೊಂದನ್ನು ಮಾಡಿ ಕೊಟ್ಟರು. ಸೇನೆ ಅದನ್ನು ನೋಡಿತು, ಮೆಚ್ಚಿತು, ಆಮೇಲೆ ಎನ್‌ಫೀಲ್ಡ್‌ನಲ್ಲಿದ್ದ ತನ್ನದೇ ಸರ್ಕಾರಿ ಕಾರ್ಖಾನೆಗೆ ಒಯ್ದು, ಒಳಗೆ ಸ್ವಲ್ಪ ಬದಲಾವಣೆ ಮಾಡಿಸಿ, 'ಎನ್‌ಫೀಲ್ಡ್ ನಂಬರ್ 2' ಅಂತ ಹೆಸರಿಟ್ಟು ಬಳಸತೊಡಗಿತು. ವೆಬ್ಲಿಗೆ ಒಂದು ಆರ್ಡರೂ ಇಲ್ಲ. ಕಂಪನಿ 2,250 ಪೌಂಡ್ ಪರಿಹಾರ ಕೇಳಿತು. ಸರ್ಕಾರ, ವಿನ್ಯಾಸ ನಮ್ಮದೇ ಅಂತ ವಾದಿಸಿತು. ಕೊನೆಗೆ ಸಂಶೋಧಕರ ಪರಿಹಾರ ನೋಡುವ ರಾಯಲ್ ಕಮಿಷನ್‌ವರೆಗೆ ಹೋಗಿ ವೆಬ್ಲಿಗೆ ಸಿಕ್ಕಿದ್ದು 1,250 ಪೌಂಡ್. ಸ್ಟಾರ್ಟಪ್‌ನಲ್ಲಿ ಕೆಲಸ ಮಾಡಿದವರಿಗೆ ಈ ಕಥೆ ಹೊಸದೆನಿಸಲಿಕ್ಕಿಲ್ಲ. ಡೆಮೋ ಕೊಡಿ ಅಂತ ಕರೆಯುತ್ತಾರೆ, ಆರು ತಿಂಗಳ ನಂತರ ನಮ್ಮದೇ ಸ್ಕ್ರೀನು ಅವರ ಆ್ಯಪ್‌ನಲ್ಲಿ.

ತಮಾಷೆ ಇರುವುದು ಮುಂದೆ. ಎರಡನೇ ಮಹಾಯುದ್ಧ ಬಂತು, ಎನ್‌ಫೀಲ್ಡಿನವರಿಗೆ ಬೇಕಾದಷ್ಟು ಮಾಡಿ ಪೂರೈಸಲಾಗಲಿಲ್ಲ. ಅದೇ ಸರ್ಕಾರ ಅದೇ ವೆಬ್ಲಿಯ ಬಾಗಿಲಿಗೆ ಹೋಗಿ ಅದರ ಮಾರ್ಕ್ 4 ರಿವಾಲ್ವರುಗಳನ್ನು ಸಾವಿರಗಟ್ಟಲೆ ಕೊಂಡಿತು. ಅದೇ ಯುದ್ಧದ ಗಡಿಬಿಡಿಯಲ್ಲೇ, 1942ರಲ್ಲಿ, ಕಾನ್ಪುರದಲ್ಲಿ ಸ್ಮಾಲ್ ಆರ್ಮ್ಸ್ ಫ್ಯಾಕ್ಟರಿ ಎದ್ದಿತು. ಮುಂದೆ ಸ್ವತಂತ್ರ ಭಾರತದಲ್ಲಿ ಆ ಫ್ಯಾಕ್ಟರಿ ನಾಗರಿಕರಿಗೆಂದು ರಿವಾಲ್ವರ್ ಮಾಡಲು ಹೊರಟಾಗ ಎದುರಿಗಿಟ್ಟುಕೊಂಡ ಮಾದರಿ ವೆಬ್ಲಿಯ ಮಾರ್ಕ್ 4. ಬೋರನ್ನು ಮಾತ್ರ .32ಕ್ಕೆ ಇಳಿಸಿದರು. ನಿರ್ಭಯಾ ಪ್ರಕರಣದ ನಂತರ, 2014ರಲ್ಲಿ, ಹೆಂಗಸರಿಗಾಗಿ ಅಂತ ಅರ್ಧ ಕಿಲೋ ತೂಕದ 'ನಿರ್ಭೀಕ್' ಬಂತಲ್ಲ, ಅದೂ ಇದೇ ಮನೆತನದ್ದು. ಬೆಲೆ ಒಂದು ಲಕ್ಷ ಇಪ್ಪತ್ತು ಸಾವಿರದ ಮೇಲೆ. ಬಸ್ಸಿನಲ್ಲಿ ಓಡಾಡುವ ಯಾವ ಹೆಣ್ಣುಮಗಳ ಹತ್ತಿರ ಅಷ್ಟು ದುಡ್ಡಿರುತ್ತದೋ.

ಬರ್ಮಿಂಗ್‌ಹ್ಯಾಮಿನ ಮೂಲ ವೆಬ್ಲಿ 1979ರಲ್ಲಿ ಬಂದೂಕು ತಯಾರಿಕೆ ನಿಲ್ಲಿಸಿತು. 2020ರ ಕೊನೆಗೆ ಅದೇ ಹೆಸರು ಉತ್ತರ ಪ್ರದೇಶದಲ್ಲಿ ಮತ್ತೆ ಕಾಣಿಸಿಕೊಂಡಿತು. ಹರ್ದೋಯಿ ಜಿಲ್ಲೆಯ ಸಂಡೀಲಾದಲ್ಲಿ, ಲಖನೌದ ಕಂಪನಿಯೊಂದರ ಜೊತೆ ಸೇರಿ, .32 ಬೋರಿನ ಮಾರ್ಕ್ 4. ಅಂದರೆ ನಮ್ಮ ಕಾಕಾನ ಮುಂದಿದ್ದ ಎರಡು 'ಬ್ರ್ಯಾಂಡ್'ಗಳಲ್ಲಿ ಒಂದು ವೆಬ್ಲಿಯನ್ನು ನೋಡಿ ಕಾನ್ಪುರದಲ್ಲಿ ಮಾಡಿದ್ದು, ಇನ್ನೊಂದು ವೆಬ್ಲಿಯ ಹೆಸರಿನಲ್ಲಿ ಕಾನ್ಪುರದ ಆಚೆ ಊರಿನಲ್ಲಿ ಮಾಡಿದ್ದು.

ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಕಾಕಾ ಸುಮ್ಮನೆ ಕೇಳಿದರು. ಆಮೇಲೆ, "ಅಂದ್ರ ನಮ್ಮ ಮಲಿಕ್-ಎ-ಮೈದಾನ್ ಇದ್ದಂಗ ಆತು ಬಿಡು" ಅಂದರು.

ವಿಜಯಪುರದವರಿಗೆ ಎಲ್ಲ ಮಾತೂ ಕೊನೆಗೆ ಆ ತೋಪಿಗೇ ಬಂದು ನಿಲ್ಲುತ್ತದೆ. ಆದರೆ ಅವರು ಹೇಳಿದ್ದು ಸುಳ್ಳಲ್ಲ. ಶೆರ್ಜಾ ಬುರುಜಿನ ಮೇಲಿರುವ ಆ 55 ಟನ್ನಿನ ತೋಪನ್ನು 1549ರಲ್ಲಿ ಎರಕ ಹೊಯ್ದವನು ಮುಹಮ್ಮದ್ ಬಿನ್ ಹುಸೇನ್ ರೂಮಿ, ಹೆಸರೇ ಹೇಳುವಂತೆ ತುರ್ಕಿ ಕಡೆಯವನು. ಹೊಯ್ದದ್ದು ಅಹ್ಮದ್‌ನಗರದಲ್ಲಿ. ವಿದೇಶಿ ಹೆಸರು, ದೇಶಿ ಕುಲುಮೆ. 1632ರಲ್ಲಿ ಪರಾಂಡಾ ಕೋಟೆಯಿಂದ ನಮ್ಮೂರಿಗೆ ಬಂತು. ಇಂಗ್ಲಿಷರ ಕಾಲದಲ್ಲಿ, 1854ರಲ್ಲಿ, ಅದನ್ನು ಗುಜರಿ ಲೆಕ್ಕದಲ್ಲಿ ಹರಾಜಿಗಿಟ್ಟು 150 ರೂಪಾಯಿಗೆ ಕೂಗಿಯೂ ಆಗಿತ್ತು. ಅಧಿಕಾರಿಯೊಬ್ಬ ಅದನ್ನು ರದ್ದು ಮಾಡಿದ್ದರಿಂದ ಉಳಿಯಿತು.

ನನ್ನನ್ನು ಕಾಡಿದ ಪ್ರಶ್ನೆ ಬೇರೆ. ಯಾಕೆ ಎರಡೂ ಒಂದೇ? ಯಾಕೆ .32 ಮಾತ್ರ?

ಕಾರಣ ಕಾಯಿದೆಯಲ್ಲಿದೆ. ಸೇನೆ, ಪೊಲೀಸರು ಬಳಸುವ ಬೋರುಗಳು, ಅಂದರೆ 9 ಎಂಎಂ, .38, .303, ಜನಸಾಮಾನ್ಯರಿಗೆ ನಿಷಿದ್ಧ. ಸರ್ಕಾರಿ ಮದ್ದು ಕಳ್ಳತನವಾದರೂ ಜನರ ಬಂದೂಕಿಗೆ ಅದು ಹೊಂದಬಾರದು, ಇದು ಬ್ರಿಟಿಷರ ಕಾಲದ ಯೋಚನೆ. 1907ರ ಸುಮಾರಿಗೆ ಅವರು ಇದೇ ಭಯದಿಂದ .450 ಬೋರಿನ ಬೇಟೆ ಕೋವಿಗಳನ್ನು ಹಿಂದುಸ್ತಾನದಲ್ಲಿ ನಿಲ್ಲಿಸಿದಾಗ, ಲಂಡನ್ನಿನ ಬಂದೂಕು ಕಂಪನಿಗಳು .465, .470 ಅಂತ ಹೊಸ ಬೋರುಗಳನ್ನೇ ಹುಟ್ಟಿಸಬೇಕಾಯಿತು. ಆಫ್ರಿಕದಲ್ಲಿ ಆನೆ ಹೊಡೆಯುವವರು ಇವತ್ತಿಗೂ ಹಿಡಿಯುವ .470, ನಮ್ಮ ಮೇಲಿನ ಅಪನಂಬಿಕೆಯ ಕೂಸು. 1980ರ ದಶಕದಿಂದ ವಿದೇಶಿ ಪಿಸ್ತೂಲುಗಳ ಆಮದೂ ನಿಂತಿತು. ಉಳಿದದ್ದು ಸರ್ಕಾರಿ ಫ್ಯಾಕ್ಟರಿಯ .32. ಆಯ್ಕೆ ಅನ್ನುವ ಮಾತೇ ಇರಲಿಲ್ಲ.

ಅಪನಂಬಿಕೆ ಅಂದೆನಲ್ಲ, ಅದರ ಶುರುವಾತು ನಮ್ಮ ಮಗ್ಗುಲಲ್ಲೇ ಇದೆ. ಬಬಲೇಶ್ವರದಿಂದ ಕೃಷ್ಣೆಯನ್ನೂ ಜಮಖಂಡಿಯನ್ನೂ ದಾಟಿದರೆ ಮುಧೋಳ. ಅದರ ತಾಲ್ಲೂಕಿನಲ್ಲಿ ಹಲಗಲಿ. 1857ರ ಸೆಪ್ಟೆಂಬರಿನಲ್ಲಿ, ದಿಲ್ಲಿಯಲ್ಲಿ ದಂಗೆ ನಡೆದಿರುವಾಗಲೇ, ಕಂಪನಿ ಸರ್ಕಾರ ನಿಶ್ಶಸ್ತ್ರೀಕರಣದ ಕಾಯಿದೆ ತಂದಿತು. ಆಯುಧ ಇದ್ದವರು ತಂದು ತೋರಿಸಬೇಕು, ಪರವಾನಗಿ ಇಲ್ಲದೆ ಇಟ್ಟುಕೊಳ್ಳುವ ಹಾಗಿಲ್ಲ. ಹಲಗಲಿಯ ಬೇಡರಿಗೆ ಆಯುಧ ಅಂದರೆ ಬೇಟೆ, ಕಾವಲು, ಸಿಪಾಯಿ ಕೆಲಸ, ಒಟ್ಟಿನಲ್ಲಿ ಅನ್ನ. ಕೊಡುವುದಿಲ್ಲ ಅಂದರು. ಅಕ್ಕಪಕ್ಕದ ಊರುಗಳಿಂದಲೂ ಜನ ಬಂದು ಸೇರಿದರು. ಜಡಗ, ಬಾಲ, ಹನುಮ, ರಾಮ ಅಂತ ಮುಂದಾಳುಗಳ ಹೆಸರು ನಮ್ಮ ಕಡೆ ಮಕ್ಕಳಿಗೂ ಗೊತ್ತು. ನವೆಂಬರ್ ಕೊನೆಯ ರಾತ್ರಿಗಳಲ್ಲಿ ಕರ್ನಲ್ ಮಾಲ್ಕಮ್‌ನ ಪಡೆ ಊರನ್ನು ಮುತ್ತಿ ಬೆಂಕಿ ಹಚ್ಚಿತು. ಸುಮಾರು ನೂರು ಜನ ಸತ್ತರು. ಡಿಸೆಂಬರಿನಲ್ಲಿ 19 ಮಂದಿಯನ್ನು ಮುಧೋಳದಲ್ಲೂ ಹಲಗಲಿಯಲ್ಲೂ ಜನರ ಕಣ್ಣೆದುರೇ ಗಲ್ಲಿಗೇರಿಸಿದರು.

ಈ ಕಥೆಯ ಲಾವಣಿಯನ್ನು ಬರೆಸಿಕೊಂಡು ಅಚ್ಚು ಹಾಕಿಸಿದವನೂ ಒಬ್ಬ ಇಂಗ್ಲಿಷ್ ಅಧಿಕಾರಿಯೇ, ಶಾಸನಗಳ ಜಾನ್ ಫ್ಲೀಟ್, 1880ರ ದಶಕದಲ್ಲಿ. ಚಿಕ್ಕವನಿದ್ದಾಗ ಜಾತ್ರೆಯಲ್ಲಿ ಡಪ್ಪಿನ ಮೇಲೆ ಅದನ್ನು ಕೇಳಿದ್ದೆ. ಅದು ಲೈಸೆನ್ಸಿನ ಹಾಡು ಅಂತ ಆಗ ಹೊಳೆದಿರಲಿಲ್ಲ.

1878ರಲ್ಲಿ ಲಾರ್ಡ್ ಲಿಟ್ಟನ್ನನ ಆರ್ಮ್ಸ್ ಆ್ಯಕ್ಟ್ ಬಂತು. ಭಾರತೀಯರಿಗೆ ಲೈಸೆನ್ಸ್ ಕಡ್ಡಾಯ, ಯುರೋಪಿಯನ್ನರಿಗೆ ವಿನಾಯಿತಿ. ನಮ್ಮವರಲ್ಲಿ ಕೊಡವರಿಗೆ ವಿನಾಯಿತಿ ಸಿಕ್ಕಿತು, ಅದು ಇವತ್ತಿಗೂ ಇದೆ, ಸದ್ಯ 2029ರವರೆಗೆ ವಿಸ್ತರಣೆಯಾಗಿದೆ. ಒಂದೇ ರಾಜ್ಯದಲ್ಲಿ ಕೊಡಗಿನ ಮನೆಯ ಗೋಡೆಯಲ್ಲಿ ಕೋವಿ ಪೂಜೆಗೆ ನಿಲ್ಲುತ್ತದೆ, ಹಲಗಲಿಯಲ್ಲಿ ಅದಕ್ಕಾಗಿ ಹಗ್ಗ ಬಿತ್ತು. ಯಾರನ್ನು ನಂಬಬೇಕು ಅನ್ನುವುದನ್ನು ದೊರೆಗಳು ತೀರ್ಮಾನಿಸಿದ್ದು ಹೀಗೆ.

ಸ್ವಾತಂತ್ರ್ಯ ಬಂದಮೇಲೆ ಇದು ಬದಲಾಗಬಹುದಿತ್ತು. 1931ರ ಕರಾಚಿ ಕಾಂಗ್ರೆಸ್ಸಿನ ಠರಾವಿನಲ್ಲಿ, ನಿಯಮಕ್ಕೊಳಪಟ್ಟು ಆಯುಧ ಹೊಂದುವುದು ಪ್ರಜೆಯ ಹಕ್ಕು ಅಂತಲೇ ಇತ್ತು. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಅದನ್ನು ನೆನಪಿಸಿ ತಿದ್ದುಪಡಿ ತಂದವರು ಮಂಗಳೂರಿನಲ್ಲಿ ಹುಟ್ಟಿದ ಎಚ್. ವಿ. ಕಾಮತ್. ಅಂಬೇಡ್ಕರ್ ಒಪ್ಪಲಿಲ್ಲ. ದೇಶಕ್ಕೆ ಕಷ್ಟ ಬಂದಾಗ ಆಯುಧ ಹಿಡಿಯುವುದು ಪ್ರಜೆಯ ಕರ್ತವ್ಯವಾಗಬೇಕೇ ಹೊರತು ಹಕ್ಕಾಗಬಾರದು, ಹಕ್ಕೆಂದರೆ ಅಪರಾಧಿಗಳೂ ಬಂದು ಕೇಳುತ್ತಾರೆ ಅನ್ನುವುದು ಅವರ ನಿಲುವು. ತಿದ್ದುಪಡಿ ಬಿದ್ದುಹೋಯಿತು. ನಾನು ಇಲ್ಲಿ ಅಂಬೇಡ್ಕರ್ ಕಡೆ. ಅಮೆರಿಕದ ಶಾಲೆಗಳ ಸುದ್ದಿ ಓದಿದ ಮೇಲೆ ಇನ್ನೂ ಹೆಚ್ಚು. ಆದರೆ ಹಲಗಲಿಯ ಹಾಡು ಕಿವಿಯಲ್ಲಿರುವವರಿಗೆ ಆ ಕಡೆ ನಿಲ್ಲುವುದು ಅಷ್ಟು ಸುಲಭವಲ್ಲ, ಅದನ್ನೂ ಹೇಳಿಬಿಡಬೇಕು.

ಹಬ್ಬಕ್ಕೆ ಊರಿಗೆ ಹೋದಾಗ ಕಾಕಾನ ಜೊತೆ ಬಂದೂಕಿನ ಅಂಗಡಿಗೂ ಹೋದೆ. ಎರಡನ್ನೂ ಗಾಜಿನ ಮೇಲಿಟ್ಟರು. ವೆಬ್ಲಿ ನುಣುಪಾಗಿತ್ತು, ಬೆಲೆ ಒಂದೂವರೆ ಲಕ್ಷ ದಾಟುತ್ತಿತ್ತು. ಕಾನ್ಪುರದ್ದು ಅದಕ್ಕಿಂತ ಅಗ್ಗ, ಟ್ರಿಗರ್ ಮಾತ್ರ ಬಿಗಿ.

"ಒಮ್ಮೆ ಹೊಡೆದು ನೋಡಬಹುದೇನ್ರೀ?" ಅಂತ ಕೇಳಿದೆ.

ಅಂಗಡಿಯವರು ನಕ್ಕರು. ಆತ್ಮರಕ್ಷಣೆಯ ಲೈಸೆನ್ಸಿನಲ್ಲಿ ವರ್ಷಕ್ಕೆ ಇಷ್ಟೇ ಗುಂಡು ಅಂತ ಬರೆದಿರುತ್ತದೆ, ಖರ್ಚಾದದ್ದಕ್ಕೆ ಲೆಕ್ಕ ಕೊಡಬೇಕು. ಅಭ್ಯಾಸಕ್ಕೆ ಹೋಗಲು ನಮ್ಮ ಸುತ್ತಮುತ್ತ ಸಾರ್ವಜನಿಕ ರೇಂಜ್ ಎಲ್ಲಿದೆ? ಶೂಟಿಂಗ್ ಕಲಿಯಬೇಕೆನ್ನುವ ಹುಡುಗರು 10 ಮೀಟರ್ ಏರ್ ಪಿಸ್ತೂಲಿನಿಂದ ಶುರು ಮಾಡುತ್ತಾರೆ, ಅದಕ್ಕೆ ಲೈಸೆನ್ಸ್ ಬೇಡ. ವಿಚಿತ್ರ ಅಂದರೆ, ಅಂತಾರಾಷ್ಟ್ರೀಯ 25 ಮೀಟರ್ ಸೆಂಟರ್ ಫೈರ್ ಸ್ಪರ್ಧೆಯಲ್ಲಿ ಹೆಚ್ಚಿನವರು ಬಳಸುವುದು ಕಾಕಾನ ರಿವಾಲ್ವರಿನದ್ದೇ .32 ಕಾಡತೂಸು. 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ ಜಸ್ಪಾಲ್ ರಾಣಾ 590 ಅಂಕ ಗಳಿಸಿ ವಿಶ್ವದಾಖಲೆ ಸರಿಗಟ್ಟಿದ್ದು ಇದೇ ಸ್ಪರ್ಧೆಯಲ್ಲಿ. ಸೇನೆಯದ್ದಲ್ಲ ಅನ್ನುವ ಕಾರಣಕ್ಕೆ ನಮ್ಮ ಪಾಲಿಗೆ ಬಂದ ಬೋರು, ಗುರಿಕಾರರ ಕೈಯಲ್ಲಿ ಚಿನ್ನ ತಂದಿತು. ಕಾಕಾ ಮಾತ್ರ ಅದನ್ನು ಒಮ್ಮೆಯೂ ಹೊಡೆಯದೆ ಕೊಳ್ಳಬೇಕಿತ್ತು.

ಕಾನ್ಪುರದ್ದನ್ನೇ ಕೊಂಡರು. "ಕೆಟ್ಟರ ಸರ್ಕಾರದವರಿಗೆ ಕೇಳಬಹುದು" ಅನ್ನುವುದು ಅವರ ಲೆಕ್ಕ. ಮನೆಗೆ ಬಂದಾಗ ಕಾಕು ಹೊಸ್ತಿಲಲ್ಲೇ ನಿಂತಿದ್ದರು.

"ಮನ್ಯಾಗ ಸಣ್ಣ ಹುಡುಗ್ರು ಅದಾವ. ಇದನ್ನ ಎಲ್ಲಿ ಇಡವ್ರು?"

ಅದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ನನ್ನ ಎಕ್ಸೆಲ್ ಶೀಟಿನಲ್ಲಿ ಆ ಕಾಲಂ ಇರಲೇ ಇಲ್ಲ. ಕೊನೆಗೆ ರಿವಾಲ್ವರ್ ತಿಜೋರಿಯಲ್ಲಿ, ಗುಂಡು ಅಡುಗೆಮನೆಯ ಅಟ್ಟದ ಮೇಲೆ ಬೀಗ ಹಾಕಿದ ಡಬ್ಬಿಯಲ್ಲಿ, ಆ ಬೀಗದ ಕೈ ಕಾಕುವಿನ ಹತ್ತಿರ, ಅಂತ ಠರಾವಾಯಿತು. ಕಳ್ಳ ಬಂದರೆ ಮೊದಲು ಕಾಕುವನ್ನು ಎಬ್ಬಿಸಬೇಕು. ಅಷ್ಟರಲ್ಲಿ ತಾಸಗಾಂವಿನ ವ್ಯಾಪಾರಿಯೂ ರೊಕ್ಕವನ್ನು ಬ್ಯಾಂಕಿಗೇ ಹಾಕತೊಡಗಿದ್ದ.

2023ರ ಆಗಸ್ಟಿನಲ್ಲಿ ಕಾನ್ಪುರದವರು 'ಪ್ರಬಲ್' ಅಂತ ಹೊಸದು ತಂದರು. ಅದರ ಗುಂಡಿನ ಚಕ್ರ ಪಕ್ಕಕ್ಕೆ ತೆರೆಯುತ್ತದೆ, ವೆಬ್ಲಿಯ ಹಾಗೆ ನಡು ಬಾಗುವುದಿಲ್ಲ. ಸುದ್ದಿ ನೋಡಿ ಕಾಕಾ ಮತ್ತೆ ಫೋನ್ ಮಾಡಿದರು. ಹಳೆಯದನ್ನು ಕೊಟ್ಟು ಇದನ್ನು ತಗೊಳ್ಳಲೋ ಅಂತ. ಈ ಸಲ ನಾನು ಶೀಟ್ ತೆರೆಯಲಿಲ್ಲ.

2024ರ ಮಾರ್ಚಿನಲ್ಲಿ ಲೋಕಸಭಾ ಚುನಾವಣೆ ಘೋಷಣೆಯಾದ ಮೇಲೆ ರೂಢಿಯಂತೆ ಅವರು ರಿವಾಲ್ವರನ್ನು ಠಾಣೆಗೆ ಒಪ್ಪಿಸಿ ರಸೀದಿ ತಂದರು. ಮೇ ತಿಂಗಳಲ್ಲಿ ಮತ ಹಾಕಲು ಊರಿಗೆ ಹೋಗಿದ್ದೆ. ಮಾಳಿಗೆಯ ಮೇಲೆ ಹಾಸಿಗೆ ಹಾಸಿ ಮಲಗಿದ್ದೆವು. ಅಂಜಿಕೆ ಆಗುವುದಿಲ್ಲವೇನ್ರೀ ಕಾಕಾ, ಈಗ ಅದು ಮನೆಯಲ್ಲಿಲ್ಲವಲ್ಲ ಅಂತ ಕೇಳಿದೆ.

"ಖರೇ ಹೇಳ್ಲ್ಯಾ? ಅದು ಅಲ್ಲಿ ಹೋದಾಗಿಂದ ನಿದ್ದಿ ಚಲೋ ಬರಾಕತ್ತೈತಿ" ಅಂದರು.

ಜೂನ್‌ನಲ್ಲಿ ಹೋಗಿ ವಾಪಸ್ ತಂದರು.