ತುರ್ತು ಪರಿಸ್ಥಿತಿಯ ನೆರಳಿನಲ್ಲಿ ಕರ್ನಾಟಕದ ಜನತಾ ಪಕ್ಷ: 1977–78ರ ಸೋಲುಗಳ ಮರುಪರಿಶೀಲನೆ

1977ರ ಮಾರ್ಚ್ ತಿಂಗಳಲ್ಲಿ ನಡೆದ ಆರನೆಯ ಲೋಕಸಭಾ ಚುನಾವಣೆ, ಸ್ವತಂತ್ರ ಭಾರತದಲ್ಲಿ ಕೇಂದ್ರದ ಅಧಿಕಾರವನ್ನು ಮೊದಲ ಬಾರಿಗೆ ಕಾಂಗ್ರೆಸ್ಸೇತರ ಪಕ್ಷವೊಂದರ ಕೈಗಿತ್ತ ಚುನಾವಣೆಯೆಂದು ಚರಿತ್ರೆಯಲ್ಲಿ ನೆಲೆನಿಂತಿದೆ. ಉತ್ತರ ಪ್ರದೇಶದ 85 ಮತ್ತು ಬಿಹಾರದ 54 ಸ್ಥಾನಗಳಲ್ಲಿ ಒಂದನ್ನೂ ಕಾಂಗ್ರೆಸ್ ಉಳಿಸಿಕೊಳ್ಳಲಾಗಲಿಲ್ಲ. ರಾಯ್‌ಬರೇಲಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರೇ ರಾಜ್ ನಾರಾಯಣರ ಎದುರು ಸೋತರು. ಅದೇ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳ ಪೈಕಿ 26 ಕಾಂಗ್ರೆಸ್ಸಿನ ಪಾಲಾದವು. ಹಾಸನದಲ್ಲಿ ಎಸ್. ನಂಜೇಶಗೌಡ ಮತ್ತು ಬೆಂಗಳೂರು ದಕ್ಷಿಣದಲ್ಲಿ ಕೆ.ಎಸ್. ಹೆಗ್ಡೆ ಅವರನ್ನು ಬಿಟ್ಟರೆ ಜನತಾ ಪಕ್ಷದ ಬೇರಾವ ಅಭ್ಯರ್ಥಿಯೂ ಇಲ್ಲಿ ಗೆಲ್ಲಲಿಲ್ಲ. ಒಂದು ವರ್ಷ ಕಳೆಯುವಷ್ಟರಲ್ಲಿ, ಆ ಪಕ್ಷ ದೆಹಲಿಯಲ್ಲಿ ಆಳುತ್ತಿದ್ದಾಗಲೇ ನಡೆದ ವಿಧಾನಸಭಾ ಚುನಾವಣೆಯಲ್ಲೂ ಅದು ಸೋತಿತು. ನಾಗರಿಕ ಹಕ್ಕುಗಳ ಹರಣದಂಥ ಗುರುತರ ಪ್ರಶ್ನೆ ದೇಶದ ಮುಂದಿದ್ದಾಗ, ಆ ಪ್ರಶ್ನೆಯನ್ನೇ ಹೊತ್ತು ಬಂದ ಪಕ್ಷವನ್ನು ಇಲ್ಲಿನ ಮತದಾರರಲ್ಲಿ ಬಹುಪಾಲು ಜನ ಏಕೆ ಒಪ್ಪಲಿಲ್ಲ ಎಂಬುದೇ ಈ ಲೇಖನದ ವಿಚಾರ.

ಈ ಫಲಿತಾಂಶಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ ಸರಳವಾದುದು: ದಕ್ಷಿಣದಲ್ಲಿ ತುರ್ತು ಪರಿಸ್ಥಿತಿಯ ಬಿಸಿ ಅಷ್ಟಾಗಿ ತಟ್ಟಲಿಲ್ಲ, ಆದ್ದರಿಂದ ಜನರಿಗೆ ಸಿಟ್ಟೂ ಬರಲಿಲ್ಲ ಎಂಬುದು. ಇದರಲ್ಲಿ ನಿಜದ ಒಂದು ಅಂಶವಿದೆ. ಸಂತಾನಹರಣ ಶಸ್ತ್ರಚಿಕಿತ್ಸೆಯ ಹೆಸರಿನಲ್ಲಿ ಉತ್ತರದ ಹಳ್ಳಿಗಳಲ್ಲಿ ನಡೆದ ದಬ್ಬಾಳಿಕೆಯಾಗಲಿ, ದೆಹಲಿಯ ತುರ್ಕ್‌ಮನ್ ಗೇಟಿನಲ್ಲಿ ನಡೆದಂಥ ನೆಲಸಮ ಕಾರ್ಯಾಚರಣೆಯಾಗಲಿ ಆ ಪ್ರಮಾಣದಲ್ಲಿ ಇಲ್ಲಿ ನಡೆಯಲಿಲ್ಲ. ಆದರೆ ಕರ್ನಾಟಕ ಆ ಕಾಲದ ಕ್ರೌರ್ಯದಿಂದ ಹೊರಗುಳಿದಿತ್ತೆಂದು ಹೇಳುವುದು ಚರಿತ್ರೆಗೆ ಮಾಡುವ ಅನ್ಯಾಯ. 1975ರ ಜೂನ್ 26ರಂದು ಸಂಸದೀಯ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಅಡ್ವಾಣಿ, ಮಧು ದಂಡವತೆ ಮತ್ತು ಶ್ಯಾಮನಂದನ ಮಿಶ್ರ ಅವರನ್ನು ಇಲ್ಲಿಯೇ ಬಂಧಿಸಿ ಕೇಂದ್ರ ಕಾರಾಗೃಹಕ್ಕೆ ಕಳುಹಿಸಲಾಯಿತು. ವಿಚಾರಣೆಯಿಲ್ಲದೆ ಸೆರೆಯಲ್ಲಿಡಲು ಅವಕಾಶ ಕೊಡುತ್ತಿದ್ದ ಆಂತರಿಕ ಭದ್ರತಾ ನಿರ್ವಹಣಾ ಕಾಯ್ದೆ, ಅಂದರೆ ಜನರ ಮಾತಿನ ‘ಮೀಸಾ’, ರಾಜ್ಯದ ವಿರೋಧ ಪಕ್ಷಗಳ ಮುಖಂಡರನ್ನೂ ಕಾರ್ಯಕರ್ತರನ್ನೂ ಜೈಲಿಗೆ ತಳ್ಳಿತು. ವಿಧಾನಸಭೆಯಲ್ಲಿ ವಿರೋಧ ಪಕ್ಷದ ನಾಯಕರಾಗಿದ್ದ ಎಚ್.ಡಿ. ದೇವೇಗೌಡರೂ ಅವರಲ್ಲಿದ್ದರು. ಜಾರ್ಜ್ ಫರ್ನಾಂಡಿಸ್ ಅವರ ತಮ್ಮ ಲಾರೆನ್ಸ್ ಬೆಂಗಳೂರಿನ ಪೊಲೀಸರ ವಶದಲ್ಲಿ ಚಿತ್ರಹಿಂಸೆಗೊಳಗಾದರು. ಅದೇ ಕೇಂದ್ರ ಕಾರಾಗೃಹದಲ್ಲಿ ಆರೋಗ್ಯ ಕಳೆದುಕೊಂಡ ಕಲಾವಿದೆ ಸ್ನೇಹಲತಾ ರೆಡ್ಡಿ, ಪೆರೋಲಿನ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಬಿಸಿ ತಟ್ಟಿತ್ತು, ಯಾರಿಗೆ ತಟ್ಟಿತ್ತು, ಅದರ ಸುದ್ದಿ ಯಾರನ್ನು ಮುಟ್ಟಿತ್ತು ಎಂಬುದು ಕೇಳಬೇಕಾದ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರ ಹುಡುಕಲು 1969ರ ಕಾಂಗ್ರೆಸ್ ಒಡಕಿಗೆ ಹಿಂದಿರುಗಬೇಕಾಗುತ್ತದೆ. ಅವಿಭಕ್ತ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಎಸ್. ನಿಜಲಿಂಗಪ್ಪನವರೇ ಇಂದಿರಾ ಗಾಂಧಿಯವರ ವಿರುದ್ಧದ ಬಣದ ಮುಂದಾಳಾಗಿದ್ದರಿಂದ ಅಂದಿನ ಮೈಸೂರು ರಾಜ್ಯದ ಸರ್ಕಾರ, ಪಕ್ಷದ ಕಚೇರಿಗಳು, ಸಹಕಾರ ಸಂಘಗಳು ಮತ್ತು ತಾಲ್ಲೂಕು ಬೋರ್ಡುಗಳ ಹಿಡಿತವೆಲ್ಲ ಬಹುಮಟ್ಟಿಗೆ ‘ಸಂಸ್ಥಾ ಕಾಂಗ್ರೆಸ್’ ಎನಿಸಿಕೊಂಡ ಆ ಬಣದಲ್ಲೇ ಉಳಿದವು. ಮುಖ್ಯಮಂತ್ರಿ ವೀರೇಂದ್ರ ಪಾಟೀಲರು 1971ರವರೆಗೆ ಆಳಿದ್ದೂ ಆ ಬಣದ ಬಲದಿಂದಲೇ. ಎಂ.ಎನ್. ಶ್ರೀನಿವಾಸರು ‘ಪ್ರಬಲ ಜಾತಿ’ ಎಂದು ಕರೆದ, ಸಂಖ್ಯೆ, ಭೂಮಿ ಮತ್ತು ಸ್ಥಳೀಯ ಅಧಿಕಾರ ಮೂರೂ ಒಟ್ಟಿಗೆ ಕೂಡಿಬಂದ ಸಮುದಾಯಗಳು ಇಲ್ಲಿ ಲಿಂಗಾಯತರು ಮತ್ತು ಒಕ್ಕಲಿಗರು. ರಾಜ್ಯದ ಏಕೀಕರಣವಾದಂದಿನಿಂದ ಕಾಂಗ್ರೆಸ್ಸನ್ನು ನಡೆಸಿದವರು ಮುಖ್ಯವಾಗಿ ಈ ಸಮುದಾಯಗಳ ಭೂಮಾಲೀಕ ಕುಟುಂಬಗಳಿಂದ ಬಂದವರು. ಸಂಸ್ಥಾ ಕಾಂಗ್ರೆಸ್ ಈ ಪರಂಪರೆಯ ವಾರಸುದಾರನಾದಾಗ, ಎದುರು ಬಣವನ್ನು ಕಟ್ಟಬೇಕಾಗಿದ್ದ ಡಿ. ದೇವರಾಜ ಅರಸರಿಗೆ ಉಳಿದಿದ್ದು ಆ ವಲಯದ ಹೊರಗಿದ್ದ ಜನ: ಸಣ್ಣ ಸಣ್ಣ ಹಿಂದುಳಿದ ಜಾತಿಗಳು, ದಲಿತರು, ಮುಸ್ಲಿಮರು ಮತ್ತು ಪ್ರಬಲ ಜಾತಿಗಳೊಳಗಿನ ಬಡವರು. 1971ರಲ್ಲಿ ರಾಜ್ಯದ ಎಲ್ಲ 27 ಲೋಕಸಭಾ ಸ್ಥಾನಗಳನ್ನೂ 1972ರ ವಿಧಾನಸಭೆಯಲ್ಲಿ 216ರಲ್ಲಿ 165 ಸ್ಥಾನಗಳನ್ನೂ ಇಂದಿರಾ ಕಾಂಗ್ರೆಸ್ ಗೆದ್ದಿತು, ಅರಸರು ಮುಖ್ಯಮಂತ್ರಿಯಾದರು. ಜೇಮ್ಸ್ ಮ್ಯಾನರ್ ಅವರಂಥ ರಾಜ್ಯಶಾಸ್ತ್ರಜ್ಞರು ಅರಸರನ್ನು ಆದರ್ಶವಾದಿಯೆಂದಲ್ಲ, ವ್ಯವಹಾರಜ್ಞಾನವುಳ್ಳ ಪ್ರಗತಿಪರನೆಂದು ಗುರುತಿಸಿದ್ದರಲ್ಲಿ ಔಚಿತ್ಯವಿದೆ: ಅವರಿಗೆ ಹೊಸ ಬೆಂಬಲಿಗರು ಬೇಕಾಗಿದ್ದರು, ಆ ಬೆಂಬಲಿಗರಿಗೆ ಕೈಗೆ ಸಿಗುವಂಥ ಏನಾದರೂ ಬೇಕಾಗಿತ್ತು.

ಹಾಗೆ ಕೈಗೆ ಸಿಕ್ಕಿದ್ದರಲ್ಲಿ ಮುಖ್ಯವಾದುದು ಗೇಣಿಭೂಮಿ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಕಾಯ್ದೆ ಗೇಣಿಪದ್ಧತಿಯನ್ನು ರದ್ದುಪಡಿಸಿ, ಗೇಣಿಗೆ ಕೊಟ್ಟ ಜಮೀನನ್ನೆಲ್ಲ ಸರ್ಕಾರಕ್ಕೆ ವಹಿಸಿ, ಅದನ್ನು ಉಳುತ್ತಿದ್ದವನು ‘ಫಾರ್ಮ್ ನಂಬರ್ 7’ ತುಂಬಿ ಅಧಿಭೋಗದ ಹಕ್ಕು ಕೇಳಲು ದಾರಿ ಮಾಡಿಕೊಟ್ಟಿತು. ಅಧಿಭೋಗವೆಂದರೆ ಸರ್ಕಾರದಿಂದ ನೇರವಾಗಿ ಪಡೆದ, ಮಕ್ಕಳಿಗೆ ಇಳಿಯುವ ಸ್ವಾಧೀನದ ಹಕ್ಕು. ಕರಾವಳಿಯಲ್ಲಿ ಈ ಅರ್ಜಿಗೆ ಜನ ಇಟ್ಟ ಹೆಸರು ‘ಡಿಕ್ಲರೇಶನ್’. ಧಣಿಯ ವಿರುದ್ಧ ಡಿಕ್ಲರೇಶನ್ ಕೊಡುವುದೆಂದರೆ ತಲೆಮಾರುಗಳಿಂದ ಅಂಗಳದಾಚೆ ನಿಂತು ಮಾತಾಡಿದ ಮನೆತನವೊಂದು ಸರ್ಕಾರಿ ಕಾಗದದ ಮೇಲೆ ಹೆಬ್ಬೆಟ್ಟೊತ್ತಿ ತನ್ನ ಹಕ್ಕನ್ನು ಸಾರುವುದಾಗಿತ್ತು. ಅರ್ಜಿಗಳ ಇತ್ಯರ್ಥಕ್ಕೆ ತಾಲ್ಲೂಕು ಮಟ್ಟದಲ್ಲಿ ರಚಿತವಾದ ಭೂ ನ್ಯಾಯಮಂಡಳಿಗಳ ಸ್ವರೂಪ ಗಮನಾರ್ಹವಾಗಿದೆ. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷತೆಯ ಈ ಮಂಡಳಿಯಲ್ಲಿ ಸರ್ಕಾರ ನೇಮಿಸಿದ ಅಧಿಕಾರೇತರ ಸದಸ್ಯರು ಇರುತ್ತಿದ್ದರು, ಅವರಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸ್ಥಾನವಿತ್ತು. ವಕೀಲರು ಅದರ ಮುಂದೆ ಹಾಜರಾಗುವಂತಿರಲಿಲ್ಲ. ಮಾಲೀಕ ಬಯಸಿದಾಗ ಬಿಡಿಸಬಹುದಾಗಿದ್ದ ಚಾಲಗೇಣಿಯ ಒಕ್ಕಲಿನ ಬಳಿ ಗೇಣಿಚೀಟಿ ಇರುತ್ತಿದ್ದುದು ಅಪರೂಪ, ಪಹಣಿಯಲ್ಲಿ ಹೆಸರು ಇರುತ್ತಿದ್ದುದು ಇನ್ನೂ ಅಪರೂಪ. ಆದ್ದರಿಂದ ಪಕ್ಕದ ಗದ್ದೆಯವರ ಬಾಯಿಸಾಕ್ಷಿಯೇ ಎಷ್ಟೋ ಬಾರಿ ಅವನ ಆಧಾರವಾಗಿತ್ತು. ಓದುಬಾರದ ಗೇಣಿದಾರನೂ ವಕೀಲರನ್ನು ಇಟ್ಟುಕೊಳ್ಳಬಲ್ಲ ಮಾಲೀಕನೂ ಒಂದೇ ಮೇಜಿನ ಎದುರು ತಾವೇ ಮಾತಾಡಬೇಕಾಯಿತು. ಒಟ್ಟಾರೆ ಬಂದ ಅರ್ಜಿಗಳು ಎಂಟು ಲಕ್ಷಕ್ಕೂ ಮೀರಿದವು.

ಇಲ್ಲೊಂದು ಕಾಲಾನುಕ್ರಮದ ಸಂಗತಿಯನ್ನು ಒತ್ತಿ ಹೇಳಬೇಕು. ಅರ್ಜಿ ಸಲ್ಲಿಸುವ ಗಡುವು ಮುಂದೂಡುತ್ತ ಹೋಗಿ ಕೊನೆಗೆ ನಿಂತದ್ದು 1979ರ ಜೂನ್ 30ಕ್ಕೆ. ಅಂದರೆ 1977ರ ಮಾರ್ಚಿನಲ್ಲಿಯೂ 1978ರ ಫೆಬ್ರುವರಿಯಲ್ಲಿಯೂ ಮತ ಹಾಕಿದ ಅಸಂಖ್ಯ ಗೇಣಿದಾರರ ಪಾಲಿಗೆ ಭೂಸುಧಾರಣೆ ಮುಗಿದ ಕಥೆಯಾಗಿರಲಿಲ್ಲ. ಅವರ ಅರ್ಜಿಗಳು ಮಂಡಳಿಯ ಮುಂದಿದ್ದವು, ಇಲ್ಲವೇ ಮಾಲೀಕರು ತಂದ ರಿಟ್‌ನಿಂದಾಗಿ ಹೈಕೋರ್ಟಿನಲ್ಲಿ ತಡೆದು ನಿಂತಿದ್ದವು. ಮಂಡಳಿಯ ಸದಸ್ಯರನ್ನು ನೇಮಿಸುತ್ತಿದ್ದುದು ರಾಜ್ಯ ಸರ್ಕಾರವಾದ್ದರಿಂದ ಸರ್ಕಾರ ಬದಲಾದರೆ ಮಂಡಳಿಯೂ ಬದಲಾಗುತ್ತದೆ ಎಂಬುದು ಹಳ್ಳಿಯ ಜನಕ್ಕೆ ತಿಳಿಯದ ವಿಷಯವೇನಲ್ಲ. ಅಂಥವರ ಮತವನ್ನು ಸಂದ ಉಪಕಾರಕ್ಕೆ ತೀರಿಸಿದ ಋಣವೆಂದು ಬಗೆಯುವುದಕ್ಕಿಂತ, ಇನ್ನೂ ಕೈಸೇರದ ಹಕ್ಕಿಗೆ ಕಟ್ಟಿದ ಕಾವಲೆಂದು ತಿಳಿಯುವುದು ಹೆಚ್ಚು ಸರಿ.

ಭೂಮಿಯಿಲ್ಲದವರಿಗೆ ತಲುಪಿದ್ದು ಬೇರೆ ಕ್ರಮಗಳು. 1976ರ ಋಣ ಪರಿಹಾರ ಕಾಯ್ದೆ ಸಣ್ಣ ರೈತರ ಮತ್ತು ಕೂಲಿಕಾರರ ಖಾಸಗಿ ಸಾಲಗಳನ್ನು ಅಳಿಸಿ, ಗಿರವಿ ಇಟ್ಟ ಒಡವೆ ಪಾತ್ರೆಗಳನ್ನು ಮರಳಿಸಬೇಕೆಂದಿತು. ಎಲ್.ಜಿ. ಹಾವನೂರರ ಅಧ್ಯಕ್ಷತೆಯ ಹಿಂದುಳಿದ ವರ್ಗಗಳ ಆಯೋಗ 1975ರ ನವೆಂಬರಿನಲ್ಲಿ ವರದಿ ಒಪ್ಪಿಸಿತು. ಅದನ್ನು ಆಧರಿಸಿದ ಮೀಸಲಾತಿ ಆದೇಶ ಹೊರಬಿದ್ದದ್ದು 1977ರ ಫೆಬ್ರುವರಿ 22ರಂದು, ಮತದಾನಕ್ಕೆ ಒಂದು ತಿಂಗಳೂ ಉಳಿದಿರದಿದ್ದಾಗ. ಹಾವನೂರರ ಪಟ್ಟಿಯಲ್ಲಿ ಒಕ್ಕಲಿಗರಿಗೆ ಸ್ಥಾನ ಸಿಕ್ಕಿತು, ಲಿಂಗಾಯತರಿಗೆ ಸಿಗಲಿಲ್ಲ. ಪ್ರಬಲ ಜಾತಿಗಳೆರಡೂ ಒಂದೇ ದನಿಯಲ್ಲಿ ವಿರೋಧಿಸುವ ಸಾಧ್ಯತೆಯನ್ನು ಇದು ತಗ್ಗಿಸಿತು.

ಇದರೆದುರು ಜನತಾ ಪಕ್ಷ ಏನು ಹೇಳುತ್ತಿತ್ತು? ಚುನಾವಣೆ ಘೋಷಣೆಯಾದದ್ದು ಜನವರಿ 18ರಂದು. ಸಂಸ್ಥಾ ಕಾಂಗ್ರೆಸ್, ಜನಸಂಘ, ಭಾರತೀಯ ಲೋಕದಳ ಮತ್ತು ಸಮಾಜವಾದಿ ಪಕ್ಷಗಳು ಒಂದಾಗಿ ಜನತಾ ಪಕ್ಷವಾದದ್ದು 23ರಂದು. ಜೈಲಿನಿಂದ ಆಗತಾನೇ ಹೊರಬಂದವರು ಲೋಕದಳದ ‘ಚಕ್ರದೊಳಗಣ ನೇಗಿಲು ಹೊತ್ತ ರೈತ’ನ ಗುರುತಿನ ಮೇಲೆ ಏಳೆಂಟು ವಾರಗಳಲ್ಲಿ ಚುನಾವಣೆ ಎದುರಿಸಿದರು. ಅವರ ಧೈರ್ಯವನ್ನು ಕಡೆಗಣಿಸುವಂತಿಲ್ಲ. ಪ್ರಜಾಪ್ರಭುತ್ವವೋ ಸರ್ವಾಧಿಕಾರವೋ ಎಂಬ ಅವರ ಪ್ರಶ್ನೆ ನ್ಯಾಯವಾದುದೂ ಆಗಿತ್ತು. ಆದರೆ ಕರ್ನಾಟಕದಲ್ಲಿ ಆ ಪ್ರಶ್ನೆಯನ್ನು ವೇದಿಕೆಯಿಂದ ಕೇಳುತ್ತಿದ್ದವರಲ್ಲಿ ಹೆಚ್ಚಿನವರು ಸಂಸ್ಥಾ ಕಾಂಗ್ರೆಸ್ಸಿನ ಹಳೆಯ ಮುಖಗಳು. ಅರ್ಜಿ ಇತ್ಯರ್ಥವಾಗದೆ ಕಾದಿದ್ದ ಒಕ್ಕಲಿಗೆ ಆ ಮಾತಿಗಿಂತ ಮೊದಲು ಕಾಣುತ್ತಿದ್ದುದು ಮಾತಾಡುತ್ತಿದ್ದವರ ಮನೆತನ.

ಇದು ಹೀಗೆಯೇ ಆಗಬೇಕಾಗಿತ್ತೆಂದು ಹೇಳಲು ಬರುವುದಿಲ್ಲ. ಏಕೆಂದರೆ ಗೇಣಿದಾರರ ಪರವಾದ ಹೋರಾಟದ ಪರಂಪರೆಯೊಂದು ಜನತಾ ಪಕ್ಷದ ಮನೆಯೊಳಗೇ ಇತ್ತು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹದ ಬೆನ್ನಿಗೆ ನಿಂತವರು ಸಮಾಜವಾದಿಗಳು. ಅದರಲ್ಲಿ ಭಾಗವಹಿಸಲು ಬಂದ ರಾಮಮನೋಹರ ಲೋಹಿಯಾ ಬಂಧನಕ್ಕೊಳಗಾಗಿದ್ದರು. ಶಾಂತವೇರಿ ಗೋಪಾಲಗೌಡರು ಆ ಹೋರಾಟದಿಂದ ವಿಧಾನಸಭೆಗೆ ಏರಿ, ಉಳುವವನೇ ಹೊಲದೊಡೆಯನಾಗಬೇಕೆಂಬ ಮಾತನ್ನು ರಾಜ್ಯದ ರಾಜಕಾರಣಕ್ಕೆ ಕೊಟ್ಟಿದ್ದರು. ಗೋಪಾಲಗೌಡರು 1972ರಲ್ಲಿ ತೀರಿಕೊಂಡರು. ಸಮಾಜವಾದಿಯಾಗಿ 1967ರಲ್ಲಿ ಸೊರಬದಿಂದ ಗೆದ್ದಿದ್ದ ಎಸ್. ಬಂಗಾರಪ್ಪನವರಂಥವರನ್ನು ಅರಸರು ತಮ್ಮ ಕಡೆ ಸೆಳೆದುಕೊಂಡರು, ಜೆ.ಎಚ್. ಪಟೇಲರಂತೆ ಉಳಿದವರು ಸಂಸ್ಥಾ ಕಾಂಗ್ರೆಸ್ಸಿನೊಂದಿಗೆ ಒಂದೇ ಪಕ್ಷದಲ್ಲಿ ಕೂರಬೇಕಾಯಿತು. ಕಾಗೋಡನ್ನು ಒಳಗೊಂಡ ಶಿವಮೊಗ್ಗ ಜಿಲ್ಲೆಯಲ್ಲೂ ಜನತಾ ಪಕ್ಷಕ್ಕೆ ಲೋಕಸಭಾ ಸ್ಥಾನ ದಕ್ಕಲಿಲ್ಲ. ತನ್ನದೇ ಘೋಷಣೆಯನ್ನು ಎದುರಾಳಿ ಕಾಯ್ದೆಯಾಗಿಸಿದಾಗ, ಆ ಕಾಯ್ದೆಯನ್ನು ಇನ್ನಷ್ಟು ಬಿಗಿಯಾಗಿ ಜಾರಿ ಮಾಡುತ್ತೇವೆಂದು ಹೇಳುವ ಅವಕಾಶ ವಿರೋಧ ಪಕ್ಷಕ್ಕೆ ಇತ್ತು. ಅದನ್ನು ಬಿಟ್ಟುಕೊಟ್ಟದ್ದೇ ಅದರ ನಿಜವಾದ ಸೋಲು ಎಂಬುದು ಈ ಲೇಖನದ ನಿಲುವು.

ಗೆದ್ದ ಎರಡು ಕ್ಷೇತ್ರಗಳೂ ಇದನ್ನೇ ಬೇರೊಂದು ಬಗೆಯಲ್ಲಿ ತೋರಿಸುತ್ತವೆ. ಹಾಸನದ ಗೆಲುವಿನ ಹಿಂದೆ ಹೊಳೆನರಸೀಪುರದ ದೇವೇಗೌಡರ ಸ್ಥಳೀಯ ಬಲವಿತ್ತು. ಬೆಂಗಳೂರು ದಕ್ಷಿಣದ ಕೆ.ಎಸ್. ಹೆಗ್ಡೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದವರು; 1973ರ ಏಪ್ರಿಲಿನಲ್ಲಿ ಶೇಲತ್ ಮತ್ತು ಗ್ರೋವರ್ ಅವರೊಂದಿಗೆ ಅವರ ಹಿರಿತನವನ್ನೂ ಕಡೆಗಣಿಸಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿಸಿದಾಗ ರಾಜೀನಾಮೆ ಕೊಟ್ಟವರು. ಸಂವಿಧಾನದ ಮೂಲಸ್ವರೂಪವನ್ನು ಸಂಸತ್ತು ಕೆಡಿಸುವಂತಿಲ್ಲವೆಂದ ಕೇಶವಾನಂದ ಭಾರತಿ ತೀರ್ಪಿನ ಬಹುಮತದಲ್ಲಿ ಅವರಿದ್ದರು. ವಕೀಲರು, ನೌಕರರು, ಅಧ್ಯಾಪಕರು ತುಂಬಿದ ಬೆಂಗಳೂರಿನ ಬಡಾವಣೆಗಳಲ್ಲಿ ಆ ವ್ಯಕ್ತಿತ್ವಕ್ಕೂ ಆ ವಾದಕ್ಕೂ ಬೆಲೆ ಸಿಕ್ಕಿತು. ಆದರೆ ಆ ಮೊಕದ್ದಮೆ ಹುಟ್ಟಿದ್ದು ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳು ಕೇರಳದ ಭೂಸುಧಾರಣೆಯನ್ನು ಪ್ರಶ್ನಿಸಿದ್ದರಿಂದ ಎಂಬುದನ್ನು ಮರೆಯಬಾರದು. ಸಂವಿಧಾನದ ರಕ್ಷಣೆಯ ಪ್ರಶ್ನೆ ಮತ್ತು ಭೂಮಿಯ ಹಂಚಿಕೆಯ ಪ್ರಶ್ನೆ ಆ ದಶಕದಲ್ಲಿ ಒಂದಕ್ಕೊಂದು ಹೆಣೆದುಕೊಂಡಿದ್ದವು. ಎರಡನ್ನೂ ಒಟ್ಟಿಗೆ ಹಿಡಿದು ಜನರಿಗೆ ವಿವರಿಸುವ ರಾಜಕೀಯ ಭಾಷೆಯನ್ನು ಕರ್ನಾಟಕದ ವಿರೋಧ ಪಕ್ಷ ರೂಪಿಸಿಕೊಳ್ಳಲಿಲ್ಲ.

ಈ ವಾದಕ್ಕೆ ಎದುರಾಗುವ ಬಲವಾದ ಆಕ್ಷೇಪ ಆಂಧ್ರ ಪ್ರದೇಶದ್ದು. ಅರಸರಂಥ ಸುಧಾರಕರಿಲ್ಲದ ಆ ರಾಜ್ಯದಲ್ಲಿಯೂ ಕಾಂಗ್ರೆಸ್ 42ರಲ್ಲಿ 41 ಸ್ಥಾನ ಗೆದ್ದಿತು. ನಂದ್ಯಾಲದಲ್ಲಿ ನೀಲಂ ಸಂಜೀವ ರೆಡ್ಡಿಯವರೊಬ್ಬರೇ ಜನತಾ ಪಕ್ಷದಿಂದ ಆರಿಸಿ ಬಂದರು. ಆದ್ದರಿಂದ ಸುಧಾರಣೆಗಳೊಂದೇ ಕಾರಣವೆಂದು ಹೇಳುವುದು ಅತಿಯಾಗುತ್ತದೆ. ಇಂದಿರಾ ಗಾಂಧಿಯವರ ವೈಯಕ್ತಿಕ ವರ್ಚಸ್ಸು ಮತ್ತು ದಮನದ ಪ್ರಮಾಣದಲ್ಲಿದ್ದ ವ್ಯತ್ಯಾಸಕ್ಕೂ ಪಾಲಿದೆ. ಆದರೆ ಕರ್ನಾಟಕದಲ್ಲಿ ವಿರೋಧ ಪಕ್ಷಕ್ಕೆ ರಾಜ್ಯವಾಳಿದ ಅನುಭವವಿತ್ತು, ನುರಿತ ನಾಯಕರಿದ್ದರು, ಚಲಾಯಿತ ಮತಗಳಲ್ಲಿ ಸುಮಾರು ಶೇ. 40 ಅದಕ್ಕೆ ಬಂದವು. ಸುಮಾರು ಶೇ. 57 ಪಡೆದ ಕಾಂಗ್ರೆಸ್ಸಿಗೆ ಹೆಚ್ಚುಕಡಿಮೆ ಎಲ್ಲ ಸ್ಥಾನಗಳೂ ಸಂದದ್ದು ಚುನಾವಣಾ ಪದ್ಧತಿಯ ಪರಿಣಾಮ. ನೆಲೆಯಿದ್ದೂ ಅದನ್ನು ವಿಸ್ತರಿಸಲಾರದ ಪಕ್ಷದ ಕಷ್ಟ, ನೆಲೆಯೇ ಇಲ್ಲದ ಪಕ್ಷದ ಕಷ್ಟಕ್ಕಿಂತ ಬೇರೆಯದು.

ಆ ನೆಲೆಯನ್ನು ವಿಸ್ತರಿಸಲು ಸಿಕ್ಕ ಮುಂದಿನ ಅವಕಾಶವನ್ನು ಪಕ್ಷ ದೆಹಲಿಯ ಅಧಿಕಾರದ ಮೂಲಕ ಬಳಸಲು ಹೋಗಿ ಕೆಡಿಸಿಕೊಂಡಿತು. ಅರಸರ ಮೇಲಿನ ಭ್ರಷ್ಟಾಚಾರದ ಆರೋಪಗಳ ತನಿಖೆಗೆ ಕೇಂದ್ರ ಸರ್ಕಾರ 1977ರಲ್ಲಿ ನ್ಯಾಯಮೂರ್ತಿ ಎ.ಎನ್. ಗ್ರೋವರ್ ಆಯೋಗವನ್ನು ನೇಮಿಸಿತು. ರಾಜ್ಯ ಸರ್ಕಾರ ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನಲ್ಲಿ ಸೋತಿತು. ಡಿಸೆಂಬರ್ 31ರಂದು ಸರ್ಕಾರವನ್ನು ವಜಾಗೊಳಿಸಿ ರಾಷ್ಟ್ರಪತಿ ಆಳ್ವಿಕೆ ಹೇರಲಾಯಿತು. ಆರೋಪಗಳು ಕ್ಷುಲ್ಲಕವಾಗಿರಲಿಲ್ಲ. ಆದರೂ ಪ್ರಜಾಪ್ರಭುತ್ವದ ಹೆಸರಿನಲ್ಲಿ ಅಧಿಕಾರಕ್ಕೆ ಬಂದ ಪಕ್ಷವೇ ಚುನಾಯಿತ ರಾಜ್ಯ ಸರ್ಕಾರವೊಂದನ್ನು ಕಿತ್ತುಹಾಕಿದ ಸಂಗತಿ ಅರಸರನ್ನು ಆಪಾದಿತನ ಸ್ಥಾನದಿಂದ ಬಲಿಪಶುವಿನ ಸ್ಥಾನಕ್ಕೆ ಸರಿಸಿತು. 1978ರ ಫೆಬ್ರುವರಿ 25ರ ಚುನಾವಣೆಯ ಹೊತ್ತಿಗೆ ಕಾಂಗ್ರೆಸ್ ಮತ್ತೆ ಒಡೆದಿತ್ತು, ಕೆ.ಎಚ್. ಪಾಟೀಲರಂಥವರು ಇಂದಿರಾ ವಿರೋಧಿ ಬಣದಲ್ಲಿದ್ದರು. ‘ಹಸ್ತ’ದ ಗುರುತು ಹೊಚ್ಚಹೊಸದು. ಇಷ್ಟಾದರೂ ಇಂದಿರಾ ಕಾಂಗ್ರೆಸ್ 224ರಲ್ಲಿ 149 ಸ್ಥಾನ ಗಳಿಸಿತು, ಜನತಾ ಪಕ್ಷ 59ಕ್ಕೆ ನಿಂತಿತು. ನವೆಂಬರಿನಲ್ಲಿ ನಡೆದ ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ವೀರೇಂದ್ರ ಪಾಟೀಲರೇ ಇಂದಿರಾ ಗಾಂಧಿಯವರ ಎದುರು 77 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು.

ಸಮೀಕರಣ ಬದಲಾದದ್ದು ಅರಸರೇ 1979ರಲ್ಲಿ ಇಂದಿರಾ ಗಾಂಧಿಯವರಿಂದ ದೂರವಾದ ಮೇಲೆ. ಆದರೂ 1980ರ ಲೋಕಸಭಾ ಚುನಾವಣೆಯಲ್ಲಿ 28ರಲ್ಲಿ 27 ಸ್ಥಾನ ಕಾಂಗ್ರೆಸ್ಸಿಗೇ ಹೋದುದರಿಂದ, ಅರಸರೊಬ್ಬರ ಹೆಸರಿನಿಂದ ಅವರು ಕಟ್ಟಿದ ಜನಬೆಂಬಲ ಕದಲುವಂಥದ್ದಲ್ಲವೆಂಬುದು ಸ್ಪಷ್ಟವಾಯಿತು. ಅರಸರು 1982ರಲ್ಲಿ ತೀರಿಕೊಂಡ ನಂತರ, ಅವರ ಕ್ರಾಂತಿರಂಗ ಪಕ್ಷದ ಬಂಗಾರಪ್ಪ ಮೊದಲಾದವರು ಜನತಾ ಪಕ್ಷದ ಜೊತೆ ಸೇರಿದಾಗ, 1983ರ ಜನವರಿಯಲ್ಲಿ 95 ಸ್ಥಾನಗಳೊಂದಿಗೆ ರಾಮಕೃಷ್ಣ ಹೆಗಡೆಯವರ ಸರ್ಕಾರ ಬಂದಿತು. ಹಿಂದುಳಿದವರ ನಡುವೆ ನೆಲೆಯಿದ್ದ ನಾಯಕರನ್ನು ಜೊತೆಗೆ ತಂದುಕೊಂಡ ಮೇಲೆಯೇ ಆ ಪಕ್ಷ ವಿಧಾನಸೌಧದ ಮೆಟ್ಟಿಲು ಹತ್ತಿತು.

ಈ ಅವಧಿಯ ಮತದಾರನನ್ನು ಸ್ವಾತಂತ್ರ್ಯದ ಬೆಲೆ ಅರಿಯದವನೆಂದು ತೀರ್ಮಾನಿಸಿದ ಬರಹಗಳು ಆತನ ಮುಂದಿದ್ದ ಕಾಗದಪತ್ರಗಳನ್ನು ನೋಡಿಲ್ಲ. ಭೂ ನ್ಯಾಯಮಂಡಳಿಗಳ ಕಡತಗಳನ್ನು ತಾಲ್ಲೂಕು ಕಚೇರಿಗಳಲ್ಲಿ ಹುಡುಕಿ, ಅರ್ಜಿ ಸಲ್ಲಿಕೆ, ಇತ್ಯರ್ಥ ಮತ್ತು ರಿಟ್‌ಗಳ ದಿನಾಂಕಗಳನ್ನು ಚುನಾವಣಾ ಆಯೋಗದ ಕ್ಷೇತ್ರವಾರು ಅಂಕಿಅಂಶಗಳ ಪಕ್ಕದಲ್ಲಿಟ್ಟು ಓದುವ ಕೆಲಸವನ್ನು ವಿಶ್ವವಿದ್ಯಾಲಯಗಳ ರಾಜ್ಯಶಾಸ್ತ್ರ ಮತ್ತು ಇತಿಹಾಸ ವಿಭಾಗಗಳು ಕೈಗೆತ್ತಿಕೊಳ್ಳಬೇಕು. ಅರ್ಜಿ ಸಲ್ಲಿಸಿದ ತಲೆಮಾರಿನವರಲ್ಲಿ ಇನ್ನೂ ಕೆಲವರಾದರೂ ಬದುಕಿರುವಾಗಲೇ ಅದು ನಡೆಯಬೇಕು.