ಕಳೆದುಕೊಂಡು ಗಳಿಸಿದ ವಿದ್ಯೆ

ಬೆಂಗಳೂರು ದಂಡಿನಿಂದ ಹೊರಟು, ಹಲಸೂರನ್ನು ದಾಟಿ ಮೂಡಲಿಗೆ ನಡೆದರೆ ಕೃಷ್ಣರಾಜಪುರದ ಬಳಿ ದೂರವಾಣಿನಗರವಿದೆ. 1948ರಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯೇ ಆ ಹೆಸರಿಗೆ ಕಾರಣ. ಅಲ್ಲಿ ಟೆಲಿಫೋನುಗಳಲ್ಲದೆ, ಮಾತನ್ನು ದೂರದ ಊರುಗಳಿಗೆ ಸಾಗಿಸುವ ಯಂತ್ರಗಳೂ ತಯಾರಾದವು. ಅಂಥ ಯಂತ್ರಗಳಿಗೆ ಆಧಾರವಾದ ವಿದ್ಯೆಯೊಂದರ ಚರಿತ್ರೆಯನ್ನು ನಾವು ಇಲ್ಲಿ ವಿಚಾರಮಾಡೋಣ.

ತಂತಿಯಲ್ಲಿ ಹರಿಯುವ ಧ್ವನಿಯು ದೂರ ಸಾಗಿದಂತೆಲ್ಲ ಕ್ಷೀಣಿಸುವುದು. ಆದಕಾರಣ ದಾರಿಯಲ್ಲಿ ಅಲ್ಲಲ್ಲಿ ಆಂಪ್ಲಿಫೈಯರ್ ಎಂಬ ವರ್ಧಕಗಳನ್ನಿಟ್ಟು ಅದಕ್ಕೆ ಬಲ ತುಂಬಬೇಕು. ಆದರೆ ವರ್ಧಕವು ಬಲದ ಜೊತೆಗೆ ತನ್ನ ವಿಕಾರವನ್ನೂ ಬೆರೆಸುತ್ತದೆ. ಒಂದರ ವಿಕಾರವು ಅಲ್ಪವಾದರೂ, ಹತ್ತಾರು ವರ್ಧಕಗಳನ್ನು ದಾಟುವಾಗ ಅದು ಬೆಳೆಯುವುದು. ಒಂದೇ ತಂತಿಯಲ್ಲಿ ಹಲವು ಸಂಭಾಷಣೆಗಳು ಸಾಗುವಾಗಲಂತೂ ಒಬ್ಬರ ಮಾತು ಮತ್ತೊಬ್ಬರ ಮಾತಿಗೆ ಅಡ್ಡಬರುವುದು.

ಅಮೆರಿಕದ ಬೆಲ್ ಪ್ರಯೋಗಶಾಲೆಯ ಹೆರಾಲ್ಡ್ ಬ್ಲ್ಯಾಕ್ ಎಂಬವರು ಈ ತೊಡಕಿನೊಡನೆ ವರ್ಷಗಟ್ಟಲೆ ಹೆಣಗಿದರು. 1927ರ ಆಗಸ್ಟ್ 2ರ ಬೆಳಗ್ಗೆ ನಾವೆಯಲ್ಲಿ ಹಡ್ಸನ್ ನದಿಯನ್ನು ದಾಟುತ್ತಿದ್ದಾಗ ಅವರಿಗೆ ಉಪಾಯ ಹೊಳೆಯಿತು. ಕೈಯಲ್ಲಿದ್ದ ವೃತ್ತಪತ್ರಿಕೆಯ ಮೇಲೆಯೇ ಅದನ್ನು ಗುರುತುಹಾಕಿಕೊಂಡರು. ವರ್ಧಕದಿಂದ ಹೊರಬಂದುದರ ಒಂದು ಪಾಲನ್ನು ವಿರೋಧವಾಗಿ ಒಳಕ್ಕೆ ಹಿಂತಿರುಗಿಸಿದರೆ, ಅದರೊಡನೆ ಮರಳಿದ ವಿಕಾರವು ತನ್ನನ್ನು ತಾನೇ ಅಡಗಿಸಿಕೊಳ್ಳುವುದು. ಇದೇ ನೆಗೆಟಿವ್ ಫೀಡ್‌ಬ್ಯಾಕ್.

ಒಂದು ವರ್ಧಕವು ಧ್ವನಿಸಂಕೇತವನ್ನು 10,000 ಮಡಿ ಹೆಚ್ಚಿಸುವುದೆಂದು ಭಾವಿಸೋಣ. ಹೊರಬಂದುದರಲ್ಲಿ ನೂರನೆಯ ಒಂದು ಪಾಲನ್ನು ಹೀಗೆ ಮರಳಿಸಿದರೆ ವರ್ಧನೆಯು ಸುಮಾರು 99 ಮಡಿಗೆ ಇಳಿಯುವುದು. ಮೇಲ್ನೋಟಕ್ಕೆ ಇದು ದುಂದುಗಾರಿಕೆಯೇ ಸರಿ. ಆದರೆ ವಾಲ್ವುಗಳು ಸವೆದು ಮೊದಲಿನ 10,000ವು 5,000ಕ್ಕೆ ಕುಸಿದರೂ, ಆ 99 ಕೇವಲ 98 ಆಗುವುದು! ವಿಕಾರವೂ ಸರಿಸುಮಾರು ನೂರನೆಯ ಒಂದು ಪಾಲಿಗೆ ತಗ್ಗುವುದು. ಕಳೆದ ಬಲವನ್ನು ಇನ್ನೊಂದು ವಾಲ್ವಿನಿಂದ ಪಡೆಯಬಹುದು. ಕೆಟ್ಟ ಧ್ವನಿಯನ್ನು ಮುಂದೆ ತಿದ್ದುವುದು ಸುಲಭವಲ್ಲ.

ಇದರಲ್ಲಿ ಅಪಾಯವೂ ಉಂಟು. ಮರಳುವ ಪಾಲು ತಡವಾದರೆ ವಿರೋಧವು ಬೆಂಬಲವಾಗಿ ಮಾರ್ಪಟ್ಟು, ವರ್ಧಕವು ತಾನಾಗಿಯೇ ಊಳಿಡತೊಡಗುವುದು. ಇದನ್ನು ಮುಂಚಿತವಾಗಿ ಗುರುತಿಸುವ ನಿಯಮವನ್ನು 1932ರಲ್ಲಿ ಹ್ಯಾರಿ ನೈಕ್ವಿಸ್ಟ್ ಪ್ರಕಟಿಸಿದರು. ಬ್ಲ್ಯಾಕ್ 1928ರಲ್ಲಿ ಕೋರಿದ ಪೇಟೆಂಟು 1937ರಲ್ಲಿ ಅವರ ಕೈಸೇರಿತು.

ದೂರದಲ್ಲಿರುವ ಮಗನ ಕರೆಯನ್ನು ಕೇಳುವ ತಾಯಿಗೆ ಈ ಗಣಿತವು ಬೇಕಿಲ್ಲ. ಕೇಳಿದ ದನಿ ತನ್ನ ಮಗನದೇ ಎಂದು ಆಕೆಗೆ ತಿಳಿದರೆ ಸಾಕು. ವಿಜ್ಞಾನಿಗಳು ಬಲವನ್ನು ಬಿಟ್ಟುಕೊಟ್ಟು ಕಾಪಾಡಿದ್ದು ಆ ಗುರುತನ್ನೇ.